ನೂಲಿನಲ್ಲಿ ಕುಯ್ದ ಹಾಲುಬಾಯಿ

ಹಾಲುಬಾಯಿಯನ್ನು ಚಾಕುವಿನಿಂದ ಕುಯ್ಯುವವರನ್ನು ಕಂಡರೆ ನನಗೆ ಈ ವಯಸ್ಸಿನಲ್ಲೂ ಸಿಡಿಮಿಡಿಯಾಗುತ್ತದೆ. ಚಾಕುವಿಗೆ ಅದು ಮೆತ್ತಿಕೊಳ್ಳುತ್ತದೆ, ಅಂಚು ಹರಿಯುತ್ತದೆ, ಕೊನೆಗೆ ತಟ್ಟೆಯಲ್ಲಿ ಉಳಿಯುವುದು ತಿಂಡಿಯಲ್ಲ, ತಿಂಡಿಯ ಅವಶೇಷ. ಹೊಂಗನೂರಿನ ನಮ್ಮ ಮನೆಯ ಹಿತ್ತಲಲ್ಲಿ ಗೂಡು ಬೇಯಿಸಿ ರೇಷ್ಮೆ ತೆಗೆಯುವ ಕೊಟ್ಟಿಗೆಯೊಂದಿತ್ತಾದ್ದರಿಂದ, ನಮ್ಮಲ್ಲಿ ಅದನ್ನು ಕುಯ್ಯುತ್ತಿದ್ದುದು ರೇಷ್ಮೆಯ ನೂಲಿನಿಂದ. ನೂಲನ್ನು ಎರಡು ಕೈಗಳ ನಡುವೆ ಬಿಗಿಯಾಗಿ ಹಿಡಿದು, ತಟ್ಟೆಯ ತಳ ಮುಟ್ಟುವವರೆಗೆ ಒತ್ತಿ, ಒಂದು ಪಕ್ಕಕ್ಕೆ ಸರಕ್ಕನೆ ಎಳೆದುಬಿಟ್ಟರೆ, ಗೆರೆ ಕೊರೆದಂತೆ ಅಂಚು ನಿಲ್ಲುತ್ತಿತ್ತು. ಊರಿನ ಬೇರೆ ಯಾವ ಮನೆಯಲ್ಲೂ ಹೀಗೆ ಕುಯ್ಯುವುದನ್ನು ನಾನು ಕಂಡಿಲ್ಲ.

ತಿಳಿಯದವರಿಗೆ ಹೇಳಬೇಕೆಂದರೆ, ರಾಗಿಯನ್ನು ನೆನೆಹಾಕಿ, ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ಬಂದ ಹಾಲಿಗೆ ತೆಂಗಿನಕಾಯಿಯ ಹಾಲನ್ನೂ ಬೆಲ್ಲವನ್ನೂ ಸೇರಿಸಿ, ಕೈ ಬಿಡದೆ ತಿರುವುತ್ತ ಕಾಯಿಸಿ, ತುಪ್ಪ ಸವರಿದ ತಟ್ಟೆಗೆ ಹೊಯ್ದು ಆರಲು ಬಿಡುವ ತಿಂಡಿ ಇದು. ಹೆಸರಿನಲ್ಲಿ ಹಾಲಿದೆ, ಹಸುವಿನ ಹಾಲಿಲ್ಲ; ಬಾಯಿಯಿದೆ, ಮಾತಿಲ್ಲ. ಈ ಎರಡನೆಯ ಗುಣ ತಿಂದವನಿಗೂ ಅಂಟಿಕೊಳ್ಳಬಹುದೆಂಬುದು ನನಗೆ ಬಹಳ ತಡವಾಗಿ ತಿಳಿಯಿತು.

ನೂಲಿನಲ್ಲಿ ಕುಯ್ಯುವ ಈ ಕೈಚಳಕ ನಮ್ಮಪ್ಪನ ತಂಗಿ, ನನ್ನ ಸೋದರತ್ತೆ ಚೆನ್ನಾಜಮ್ಮನದು. ಹದಿನೇಳಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ನಮ್ಮ ಜನದಲ್ಲಿ ಹಿಂದೆ ಇಂಥವರಿಗೆ ಕೂಡಾವಳಿ, ಅಂದರೆ ಮರುಮದುವೆ, ಮಾಡಿಕೊಡುವ ಪದ್ಧತಿ ಇತ್ತಂತೆ. ಆದರೆ ತಾತನಿಗೆ ಪಟೇಲಿಕೆ ಬಂದ ಮೇಲೆ, ಅಮಲ್ದಾರರು ಬಂದು ಕೂರುವ ಜಗುಲಿಗೆ ಆ ಪದ್ಧತಿ ಒಪ್ಪುವುದಿಲ್ಲವೆಂದು ಅದನ್ನು ಕೈಬಿಟ್ಟರು. ಮರ್ಯಾದೆ ಮನೆಗೆ ಬರುವಾಗ ಬರಿಗೈಯಲ್ಲಿ ಬರುವುದಿಲ್ಲ ನೋಡಿ, ಯಾರದಾದರೂ ಬಾಳನ್ನು ಕೇಳಿಕೊಂಡೇ ಬರುತ್ತದೆ. ನಮ್ಮ ಮನೆಯಲ್ಲಿ ಅದು ಅತ್ತೆಯದನ್ನು ಕೇಳಿತು.

ಅತ್ತೆ ಕೊಡಲಿಲ್ಲ. ನನಗೆ ಹತ್ತು ವರ್ಷವಿರುವಾಗ, ನಮ್ಮ ಕೊಟ್ಟಿಗೆಯಲ್ಲೇ ರೇಷ್ಮೆ ತೆಗೆಯುತ್ತಿದ್ದ ಚನ್ನಪಟ್ಟಣದ ಖಾದರ್ ಸಾಬಿಯ ಜೊತೆ ಹೊರಟುಹೋದಳು. ಹೊಳೆಯ ಮಡುವಿಗೆ ಬಿದ್ದಳು, ಹೆಣ ಸಿಗಲಿಲ್ಲ ಎಂದು ಮನೆಯವರು ಹೇಳಿದರು. ಮೂರನೆಯ ದಿನ ತೋಟದ ಮೂಲೆಯಲ್ಲಿ ಒಂದು ಗುಡ್ಡೆ ಮಣ್ಣು ಮಾಡಿ, ಕೆಳಗೆ ಯಾರೂ ಇಲ್ಲದ ಆ ಮಣ್ಣಿಗೆ ಅಪ್ಪನೇ ಮಂಡಿನೋವಿನಲ್ಲೂ ಬಗ್ಗಿ ಕೂತು ಹಾಲುತುಪ್ಪ ಬಿಟ್ಟರು. ಇಡೀ ಊರಿಗೆ ನಿಜ ಗೊತ್ತಿತ್ತು. ಇಡೀ ಊರು ಬಂದು ಲೊಚಗುಟ್ಟಿ, ಉಂಡು, ಕೈತೊಳೆದು ಹೋಯಿತು. ಬದುಕಿರುವವಳ ಸಾವಿನ ಊಟ ಉಣ್ಣುವಾಗ ಒಬ್ಬರ ಗಂಟಲಲ್ಲೂ ಅನ್ನ ಸಿಕ್ಕಿಕೊಳ್ಳಲಿಲ್ಲ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಸತ್ತಳೆಂದ ಮೇಲೆ ಸತ್ತವರಿಗೆ ಸಲ್ಲುವುದನ್ನು ಸಲ್ಲಿಸಬೇಕಲ್ಲ! ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಯ ಹಿರಿಯರ ಹಬ್ಬದಲ್ಲಿ, ತೀರಿಕೊಂಡವರಿಗೆಲ್ಲ ಬಾಳೆಲೆಯಲ್ಲಿ ಅವರವರು ಇಷ್ಟಪಡುತ್ತಿದ್ದ ಅಡಿಗೆ ಬಡಿಸಿ ಎಡೆ ಇಡುವಾಗ, ಅತ್ತೆಯ ಹೆಸರಿನಲ್ಲೂ ಒಂದು ಎಡೆ, ಒಂದು ಹೊಸ ಸೀರೆ, ಆ ಎಲೆಯ ಮೇಲೆ ಹಾಲುಬಾಯಿ. ಉಳಿದ ಎಡೆಗಳನ್ನು ಮಕ್ಕಳಾದ ನಾವು ಹಂಚಿಕೊಂಡು ತಿನ್ನುತ್ತಿದ್ದೆವು. ಅತ್ತೆಯ ಎಡೆ ಮಾತ್ರ ನೇರವಾಗಿ ಹಸುವಿನ ಬಾನಿಗೆ ಹೋಗುತ್ತಿತ್ತು. ವರ್ಷದ ಬೇರೆ ಯಾವ ದಿನವೂ ಮನೆಯಲ್ಲಿ ಹಾಲುಬಾಯಿಯ ಮಾತೆತ್ತುವಂತಿರಲಿಲ್ಲ. ಹೀಗೆ ನನ್ನ ಅತ್ಯಂತ ಪ್ರೀತಿಯ ತಿಂಡಿಯನ್ನು ವರ್ಷಕ್ಕೊಮ್ಮೆ ಮೂಸಿ ನೋಡುತ್ತ, ತಿನ್ನದೆ ನಾನು ಬೆಳೆದೆ.

ಮುಂದೆ ಚನ್ನಪಟ್ಟಣದಲ್ಲೂ ಬೆಂಗಳೂರಿನಲ್ಲೂ ಓದಿ, ಮದರಾಸಿನಲ್ಲಿ ಹಡಗು ಹತ್ತಿ, ರಂಗೂನಿನ ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತನಾದೆ. ಕಡಲಾಚೆಗೆ ಹೋದವರು ತಾಯ್ನಾಡನ್ನು ನೆನೆದು ದೊಡ್ಡ ದೊಡ್ಡ ಮಾತು ಬರೆಯುವುದನ್ನು ನೀವು ಓದಿರಬಹುದು. ನಂಬಬೇಡಿ. ಊರು ಬಿಟ್ಟವನಿಗೆ ಮೊದಲು ನೆನಪಾಗುವುದು ಹೊಟ್ಟೆ. ನಾಡುನುಡಿಗಳೆಲ್ಲ ಆ ಹೊಟ್ಟೆ ತುಂಬಿದ ಮೇಲೆ ಬರುವ ತೇಗು. ರಂಗೂನಿನ ಬಿಡದ ಮಳೆಯಲ್ಲಿ, ಮೀನಿನ ವಾಸನೆಯ ಬೀದಿಗಳಲ್ಲಿ ನಡೆಯುವಾಗ ನನಗೆ ಒಬ್ಬಟ್ಟು ನೆನಪಾಗಲಿಲ್ಲ, ಕಡುಬು ನೆನಪಾಗಲಿಲ್ಲ. ಬೆಲ್ಲ ಬೆರೆತ ರಾಗಿಹಾಲು ಗಟ್ಟಿಯಾಗುವ ಹೊತ್ತಿನ ಆ ಘಮಲೇ ಬಂದು ಮೂಗಿನ ಹತ್ತಿರ ಕೂತುಬಿಡುತ್ತಿತ್ತು. ಮನೆಯವರು ಸತ್ತವಳಿಗೆಂದು ಎತ್ತಿಟ್ಟ ತಿಂಡಿಯೇ ನನಗೆ ಬೇಕಾಗಿತ್ತು.

ಗಿರಣಿಯಲ್ಲಿ ಮೇಸ್ತ್ರಿಯಾಗಿದ್ದ ಮಾಗಡಿಯ ಸಿದ್ಧಲಿಂಗ ಒಂದು ಭಾನುವಾರ ಏದುಸಿರು ಬಿಡುತ್ತ ನನ್ನ ಬಿಡಾರಕ್ಕೆ ಬಂದ. "ಲೇ, ಏಳ್ಲಾ ಮೇಲೆ! ತೆಲುಗ್ರು ಕೂಲಿ ಲೈನ್‌ತಾವ ಯಾರೋ ಎಂಗಸು ಆಲ್ಬಾಯಿ ಮಾರ್ತಾವ್ಳೆ ಕಣ್ಲಾ!" ಎಂದ. ತೆಲುಗು ಕೂಲಿಗಳಿಗಾಗಿ ಹಡಗಿನಲ್ಲಿ ರಾಗಿ ಬರುವುದು ನನಗೆ ಗೊತ್ತಿತ್ತು, ಆದರೆ ಅದು ಹಾಲುಬಾಯಿಯಾಗುತ್ತದೆಂದು ಯಾರು ಎಣಿಸಿದ್ದರು? ಇಬ್ಬರೂ ಕೊಡೆಯನ್ನೂ ಮರೆತು ಓಡಿದೆವು.

ಮರದ ಹಲಗೆಯ ಮನೆಯೊಂದರ ಬಾಗಿಲಲ್ಲಿ ತಲೆಯ ಮೇಲೆ ಸೆರಗು ಹೊದ್ದ ಹೆಂಗಸೊಬ್ಬಳು ತಟ್ಟೆಯಿಟ್ಟುಕೊಂಡು ಕೂತಿದ್ದಳು. ನಾನು ಮೊದಲು ನೋಡಿದ್ದು ತಟ್ಟೆಯನ್ನು. ತುಂಡುಗಳ ಅಂಚು ಗೆರೆ ಕೊರೆದಂತೆ ನಿಂತಿತ್ತು. ಆಮೇಲೆ ಅವಳ ಬಲಗೈ ಬೆರಳಿಗೆ ಸುತ್ತಿದ್ದ ನೂಲನ್ನು ನೋಡಿದೆ. ಮುಖ ನೋಡುವ ಅಗತ್ಯವಿರಲಿಲ್ಲ, ಧೈರ್ಯವೂ ಇರಲಿಲ್ಲ.

ನಮ್ಮ ಮಾತು ಕಿವಿಗೆ ಬಿದ್ದು ಅವಳ ಮುಖ ಅರಳಿತಂತೆ. ಇದು ಆಮೇಲೆ ಸಿದ್ಧಲಿಂಗ ಹೇಳಿದ್ದು. "ಕನ್ನಡದೋರಾ ಸ್ವಾಮಿ? ನಾನೂವೆ ಚನ್ನಪಟ್ಣದ ತಾವ. ನಿಮ್ದು ಯಾವೂರು?" ಎಂದು ಕೇಳಿದಳು. ಸಿದ್ಧಲಿಂಗ ತನ್ನ ಮಾಗಡಿಯನ್ನು ಹೇಳಿ, ನನ್ನ ಕಡೆ ಕೈ ತೋರಿಸಿ ಬಾಯಿ ತೆರೆಯುವಷ್ಟರಲ್ಲಿ, "ನಂದು ಕುದೂರು" ಎಂದುಬಿಟ್ಟೆ. ಸಿದ್ಧಲಿಂಗ ನನ್ನ ಮುಖವನ್ನೇ ನೋಡಿದ. ಹೊಂಗನೂರಿನಲ್ಲಿ ಹುಟ್ಟಿದ ಬಾಯಿಗೆ ಕುದೂರು ಯಾಕೆ ಬಂತೆಂದು ನೀವೂ ಕೇಳಬಹುದು. ನಾನೂರು ಹರದಾರಿ ಸಮುದ್ರ ದಾಟಿ ಬಂದಿದ್ದೆ, ಬಿ.ಎ. ಓದಿದ್ದೆ, ಸಮಾಜ ಸುಧಾರಣೆಯ ಭಾಷಣಗಳಿಗೆ ಚಪ್ಪಾಳೆ ತಟ್ಟಿದ್ದೆ. ತಾತನ ಜಗುಲಿ ಮಾತ್ರ ಹಡಗಿನಲ್ಲಿ ನನ್ನ ಜೊತೆಗೇ ಬಂದಿತ್ತು.

"ಕುದೂರ್ನೋರಾ" ಎಂದು ಅವಳು ತಲೆ ತಗ್ಗಿಸಿ, ನೂಲೆಳೆದು ತುಂಡೊಂದನ್ನು ಬಿಡಿಸಿ ಎಲೆಯ ಮೇಲಿಟ್ಟಳು. ತಾಳೆಬೆಲ್ಲ ಹಾಕಿದ್ದರಿಂದ ಹೊಗೆಯ ವಾಸನೆ ಕೊಂಚ ಇತ್ತು, ಉಳಿದದ್ದೆಲ್ಲ ಅದೇ. ಒಳಗಿನಿಂದ ಗಡ್ಡ ನರೆತ ಖಾದರ್ ಸಾಬಿ ಬಂದು, ನಮ್ಮ ಮುಂದೆ ಎರಡು ಲೋಟ ನೀರಿಟ್ಟು ಒಳಗೆ ಹೋದರು. ನಾನು ಮೂರು ತುಂಡು ತಿಂದೆ. ಕಣ್ಣಲ್ಲಿ ನೀರು ಬರುತ್ತಿತ್ತು, ಕೈ ನಾಲ್ಕನೆಯದಕ್ಕೆ ಹೋಗುತ್ತಿತ್ತು. ಬಾಯಿ ಎರಡು ಕೆಲಸಕ್ಕೆಂದು ಇದೆ ಎನ್ನುತ್ತಾರೆ, ಆವತ್ತು ಅದು ಒಂದನ್ನೇ ಚೆನ್ನಾಗಿ ಮಾಡಿತು.

ಕೈ ಒರೆಸಿಕೊಂಡು ಏಳುವಾಗ ಅವಳು, ತಟ್ಟೆಗೆ ಬಟ್ಟೆ ಮುಚ್ಚುತ್ತ, ಯಾರಿಗೋ ಹೇಳುವಂತೆ ಮೆಲ್ಲಗೆ ಕೇಳಿದಳು. "ನಿಮ್ಮಪ್ಪಾರ ಮಂಡಿನೋವು ಒಸಿ ವಾಸಿಯಾ ಸ್ವಾಮಿ?"

"ವಾಸಿ" ಎಂದೆ. ಅಂದ ಮೇಲೆ ತಿಳಿಯಿತು, ಯಾರ ಪ್ರಶ್ನೆಗೆ ಯಾರಾಗಿ ಉತ್ತರ ಕೊಟ್ಟೆನೆಂದು.

ಈಗ ಇಬ್ಬರಿಗೂ ಗೊತ್ತಾಗಿತ್ತು. ಅವಳು ಎದ್ದು ನಿಂತಳು. ಅವಳಿಗೆ ಬೇಕಾಗಿದ್ದುದು ಕ್ಷಮೆಯಲ್ಲ, ಊರಿನ ಸುದ್ದಿಯೂ ಅಲ್ಲ. 'ಅತ್ತೆ' ಎಂಬ ಎರಡಕ್ಷರ ಮಾತ್ರ. ಅದು ನನಗೆ ಆಗಲೂ ಗೊತ್ತಿತ್ತು. ನಾನು ಮಳೆಯನ್ನು ನೋಡಿದೆ, ಸಿದ್ಧಲಿಂಗನನ್ನು ನೋಡಿದೆ, ಚಪ್ಪಲಿ ಮೆಟ್ಟಿಕೊಂಡು ಇಳಿದು ನಡೆದೆ.

ರಂಗೂನಿನಲ್ಲಿ ಇನ್ನೂ ಎರಡು ವರ್ಷವಿದ್ದರೂ ಆ ಬೀದಿಗೆ ಕಾಲಿಡಲಿಲ್ಲ. ಸಿದ್ಧಲಿಂಗ ಹೋಗುತ್ತಿದ್ದ. ಪ್ರತಿ ಸಲವೂ ಎಲೆಯಲ್ಲಿ ಕಟ್ಟಿದ ಪೊಟ್ಟಣವೊಂದನ್ನು ತಂದು ನನ್ನ ಮುಂದೆ ಇಟ್ಟು, "ಕುದೂರ್ನೋರ್ಗೆ ಕೊಡಿ ಅಂದ್ರು" ಎಂದು ಹೇಳಿ, ಬೇರೇನೂ ಕೇಳದೆ ಹೊರಟುಬಿಡುತ್ತಿದ್ದ. ನಾನು ಒಂದು ಸಲವೂ ಬೇಡವೆನ್ನಲಿಲ್ಲ, ಬಾಗಿಲು ಹಾಕಿಕೊಂಡು ತಿಂದೆ. ಮನುಷ್ಯನಿಗೆ ನಾಚಿಕೆ ಇರುವುದು ಕಣ್ಣಿನಲ್ಲೋ ಕೆನ್ನೆಯಲ್ಲೋ ನನಗೆ ಗೊತ್ತಿಲ್ಲ, ನಾಲಿಗೆಯಲ್ಲಂತೂ ಇಲ್ಲ.

ಊರಿಗೆ ಮರಳಿದಾಗ ಅಪ್ಪ ಹಾಸಿಗೆ ಹಿಡಿದಿದ್ದರು. ಒಂದು ಮಧ್ಯಾಹ್ನ ಕಾಲು ನೀವುತ್ತ ಕೂತಿದ್ದವನು, ಯಾಕೋ ತಡೆಯಲಾರದೆ, "ರಂಗೂನಲ್ಲಿ ಹಾಲುಬಾಯಿ ಸಿಗ್ತದಪ್ಪ" ಎಂದೆ. ಅಪ್ಪ ನನ್ನ ಕಡೆ ತಲೆ ತಿರುಗಿಸಿದರು. "ಯಾರು ಮಾಡೋರು?" ಎಂದರು. "ಯಾರೋ ಸಾಬರ ಹೆಂಗಸು" ಎಂದೆ. ನನ್ನ ಕೈ ಅವರ ಮಂಡಿಯ ಮೇಲಿತ್ತು. ಆಮೇಲೆ ಅಪ್ಪ ಸೂರು ನೋಡುತ್ತ ಕೇಳಿದರು.

"ಚೆನ್ನಾಗವ್ಳಾ?"

ನಮ್ಮ ನುಡಿಯ ಹೆಚ್ಚುಗಾರಿಕೆಯನ್ನು ನೋಡಿ. ತಿಂಡಿಯನ್ನು ಕೇಳುವುದಾದರೆ 'ಚೆನ್ನಾಗೈತಾ' ಎನ್ನಬೇಕು. ಅಪ್ಪ ಹಾಗೆನ್ನಲಿಲ್ಲ. ಬರೀ ಮಣ್ಣಿನ ಗುಡ್ಡೆಗೆ ತನ್ನ ಕೈಯಾರೆ ಹಾಲು ಬಿಟ್ಟ ಮನುಷ್ಯ, ಇಪ್ಪತ್ತು ವರ್ಷ ತಂಗಿಯ ಎಡೆಗೆ ಕೈಮುಗಿದ ಮನುಷ್ಯ, ಕೊನೆಗಾಲದಲ್ಲಿ ಬಾಯಿಬಿಟ್ಟು ಹೆಸರು ಹೇಳಲಾರದೆ, ಕ್ರಿಯಾಪದದ ಬಾಲದಲ್ಲಿ ತಂಗಿಯನ್ನು ಅಡಗಿಸಿ ನನ್ನ ಮುಂದೆ ಇಟ್ಟಿದ್ದರು. ಒಂದು ಮಾತು ಸಾಕಿತ್ತು. 'ಚೆನ್ನಾಗವ್ಳೆ, ನಿನ್ನ ಮಂಡಿನೋವು ಕೇಳಿದ್ಲು' ಎಂದಿದ್ದರೆ ಆ ಜೀವ ಹಗುರಾಗಿ ಹೋಗುತ್ತಿತ್ತು.

"ಚೆನ್ನಾಗಿತ್ತಪ್ಪ. ಬೆಲ್ಲ ಒಸಿ ಮುಂದಾಗಿತ್ತು" ಎಂದೆ.

ಅಪ್ಪ ಗೋಡೆಯ ಕಡೆ ಹೊರಳಿಕೊಂಡರು. ಯಾಕೆ ಹಾಗೆಂದೆ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಅವರಿಗೆ ನೋವಾಗಬಾರದೆಂದೇ? ಸುಳ್ಳು. ಅವಳು ಚೆನ್ನಾಗಿದ್ದಾಳೆಂದರೆ, ಅವಳನ್ನು ಕಂಡು ನೀನೇನು ಮಾಡಿದೆ ಎಂದು ಕೇಳುತ್ತಾರಲ್ಲ, ಅದಕ್ಕೆ. ನನ್ನ ಹೇಡಿತನವನ್ನು ಮುಚ್ಚಲು ಒಬ್ಬ ಅಣ್ಣನಿಂದ ಅವನ ತಂಗಿಯನ್ನು ಎರಡನೆಯ ಸಲ ಕಿತ್ತುಕೊಂಡೆ. ತಾತನಾದರೂ ಮರ್ಯಾದೆಯ ಹೆಸರು ಹೇಳಿ ಮಾಡಿದ್ದ. ನನಗೆ ಆ ನೆಪವೂ ಇರಲಿಲ್ಲ. ತಿಂಗಳು ತುಂಬುವುದರೊಳಗೆ ಅಪ್ಪ ತೀರಿಕೊಂಡರು.

ಕಾಗದ ಬರೆಯಬಹುದಲ್ಲ ಎನ್ನುತ್ತೀರಿ. ಸಿದ್ಧಲಿಂಗ ಇನ್ನೂ ಅಲ್ಲೇ ಇದ್ದಾನೆ, ಹೋದ ತಿಂಗಳೂ ಬರೆದಿದ್ದ: 'ಕುದೂರಿನವರು ಹೇಗಿದ್ದಾರೆ ಎಂದು ಆಯಮ್ಮ ಕೇಳುತ್ತಾರೆ.' ಬರೆಯಲು ಕೂತರೆ ಮೊದಲ ಸಾಲಿನಲ್ಲೇ ನಿಲ್ಲುತ್ತೇನೆ, ಯಾರಿಗೆ ಎಂದು ಬರೆಯಬೇಕಲ್ಲ. ಹೆಣ್ಣುಮಕ್ಕಳ ಮದುವೆ ಮುಗಿಯಲಿ ಎಂದುಕೊಂಡಿದ್ದೆ. ಮೂವರದೂ ಮುಗಿದು ಬಹಳ ಕಾಲವಾಯಿತು.

ಮೊನ್ನೆ ಹಿರಿಯರ ಹಬ್ಬ. ಕನಕಪುರದವಳಾದ ನನ್ನ ಹೆಂಡತಿಗೆ ಇದೊಂದೂ ಗೊತ್ತಿಲ್ಲ. ಮಡುವಿಗೆ ಬಿದ್ದವಳ ಕಥೆಯನ್ನೇ ಅವಳೂ ನಂಬಿದ್ದಾಳೆ. ಎಲೆಗಳನ್ನು ಹಾಸಿ, "ನಿಮ್ಮತ್ತೆಮ್ಮಾರ್ದು ಎಲ್ಲಿಡ್ಲಿ?" ಎಂದು ಕೇಳಿದಳು. "ಅಪ್ಪನ ಪಕ್ಕದಲ್ಲೇ ಇಡು" ಎಂದೆ. ಬಡಿಸಿದಳು, ಸೀರೆ ಇಟ್ಟಳು, ಧೂಪ ಹಾಕಿದಳು. ಮನೆಗೆ ಹಿರಿಯನಾದವನು ಒಬ್ಬೊಬ್ಬರನ್ನೂ ವರಸೆ ಹಿಡಿದು ಊಟಕ್ಕೆ ಕರೆಯಬೇಕೆಂಬುದು ನಮ್ಮಲ್ಲಿಯ ಕ್ರಮ. ತಾತನನ್ನು ಕರೆದೆ, ಅಜ್ಜಿಯನ್ನು ಕರೆದೆ, ಅಪ್ಪನನ್ನು ಕರೆದೆ. ನಾಲ್ಕನೆಯ ಎಲೆಯ ಮುಂದೆ ಕೈಮುಗಿದು ನಿಂತು, ಗಂಟಲು ಸರಿಮಾಡಿಕೊಂಡು, ಮನೆಯವರಿಗೆಲ್ಲ ಕೇಳುವಂತೆ ಕರೆದೆ:

"ಅತ್ತೇ, ಬಾ, ಉಣ್ಣು."