ಮನಿ ಮನಿಗೆ ನಿಂತ ಮೈನಾ

ನಾನು ಕುದುರೆ ಹತ್ತಿದ್ದು ಜೀವಮಾನದಲ್ಲಿ ಎರಡೇ ಸಲ. ಎರಡನೆಯದು ನನ್ನ ಮದುವೆಯಲ್ಲಿ. ಬಾಸಿಂಗ ಕಟ್ಟಿಕೊಂಡು, ಎರಡೂ ಕೈಯಿಂದ ಜೂಲು ಹಿಡಿದು, ಕಣ್ಣು ಮುಚ್ಚಿ ಕೂತ ನನ್ನನ್ನು ಕಂಡು ಬೀಗರ ಕಡೆಯ ಮುದುಕಿಯೊಬ್ಬಳು, ‘ವರಾ ಭಾಳ ದೈವಭಕ್ತ ಕಾಣ್ತಾನ, ಕುದರಿ ಮ್ಯಾಲೂ ಜಪಾ ಮಾಡಾಕತ್ತಾನ’ ಅಂದಳಂತೆ. ಮೊದಲನೆಯ ಸಲ ಹತ್ತಿದಾಗ ಮಾತ್ರ ನನಗೆ ಎಳ್ಳಷ್ಟೂ ಅಂಜಿಕೆ ಆಗಲಿಲ್ಲ. ಆಗ ನಾನಿನ್ನೂ ಹುಟ್ಟಿರಲಿಲ್ಲ.

ಇದು ನೆನಪಾದದ್ದು ಹೋದ ವಾರ, ಯಮಕನಮರಡಿಯ ಬಸ್ಸಿನಲ್ಲಿ. ಅದು ನನ್ನ ಹೆಂಡತಿಯ ತವರೂರು. ನಾನು ಗೋಕಾಕದಲ್ಲಿ ಸಾಲಿ ಮಾಸ್ತರ. ಈ ಮಹಾಯುದ್ಧ ಶುರುವಾದಮೇಲೆ ಪೆಟ್ರೋಲು ಸಿಗದೆ ನಮ್ಮ ಬಸ್ಸುಗಳೆಲ್ಲ ಇದ್ದಲಿ ತಿನ್ನತೊಡಗಿವೆ. ಬೆನ್ನಿಗೊಂದು ಒಲೆ ಕಟ್ಟಿಕೊಂಡು, ಕೆಮ್ಮುತ್ತ, ಏರಿನಲ್ಲಿ ಉಸಿರುಗಟ್ಟುತ್ತ, ದಾರಿಯಲ್ಲಿ ಯಾರು ಕೈ ಎತ್ತಿದರೂ ನಿಲ್ಲುತ್ತ ಹೋಗುತ್ತವೆ. ಅವತ್ತು ಮುಂಜಾನೆ ತಿಂದಿದ್ದ ಅವಲಕ್ಕಿ ದಾರಿಯ ಪ್ರತಿ ತಗ್ಗಿಗೂ ಗಂಟಲತನಕ ಬಂದು ನನ್ನನ್ನು ಮಾತಾಡಿಸಿ ಹೋಯಿತು. ಅವಸರ ನಮ್ಮ ಮನೆತನದ ರೋಗ. ‘ಎಷ್ಟ್ ಸಲ ನಿಂದರಸ್ತೀಯೋ ಮಾರಾಯಾ!’ ಎಂದು ಡ್ರೈವರನ ಮೇಲೆ ಹರಿಹಾಯ್ದೆ. ಹಾಗೆ ಒದರಿದ ಮೇಲೆ ಯಾಕೋ ಅಪ್ಪನ ದನಿಯೇ ಕೇಳಿದಂತಾಗಿ, ಅದರ ಹಿಂದೆಯೇ ಮೈನಾಳ ನೆನಪು ಬಂತು.

ಮೈನಾ ಅಂದರೆ ನಮ್ಮೂರು ಕುಲಗೋಡದ ಸೀಮೆಯಲ್ಲಿದ್ದ ಒಂದು ಮಠದ ಅಯ್ಯಾರು, ಅಂದರೆ ಸ್ವಾಮಿಗಳು, ಸವಾರಿ ಮಾಡುತ್ತಿದ್ದ ಹೆಣ್ಣುಕುದುರೆ. ಭೀಮಥಡಿ ತಳಿ. ಭೀಮಾ ನದಿಯ ದಂಡೆಯ ಈ ಕುದುರೆಗಳನ್ನು ನೋಡಿದರೆ ಯಾರೂ ಹೌಹಾರುವುದಿಲ್ಲ. ಗಿಡ್ಡ ಮೈ, ದಪ್ಪ ಹೊಟ್ಟೆ, ಕಲ್ಲಿನಂಥ ಗೊರಸು. ಒಣ ಕಣಿಕೆ ಹಾಕಿದರೂ ಮುಖ ಕಿವುಚದೆ ತಿನ್ನುವ ಸ್ವಭಾವ. ಚೆಲುವಿಗೆ ಬಹುಮಾನ ಕೊಡುವಲ್ಲಿ ಇವುಗಳನ್ನು ಬಾಗಿಲ ಹೊರಗೇ ನಿಲ್ಲಿಸಿಯಾರು. ಆದರೆ ಈ ತಳಿಯಲ್ಲಿ ಕೆಲವಕ್ಕೆ ಹುಟ್ಟಿನಿಂದಲೇ ಒಂದು ನಡಿಗೆ ಬಂದಿರುತ್ತದೆ. ಅದಕ್ಕೆ ನಮ್ಮ ಕಡೆ ರವಾಲ ಚಾಲ ಅನ್ನುತ್ತಾರೆ. ಬೇರೆ ಕುದುರೆಗಳು ದುಡುಕಿಯಲ್ಲಿ, ಅಂದರೆ ಕುಲುಕು ಓಟದಲ್ಲಿ, ಎರಡೆರಡು ಕಾಲು ಒಮ್ಮೆಲೇ ಎತ್ತಿ ಒಗೆಯುತ್ತವೆ. ಮೇಲೆ ಕೂತವನು ಮೊರದಲ್ಲಿಯ ಜೋಳದಂತೆ ಹಾರುತ್ತಾನೆ. ರವಾಲಿನ ಕುದುರೆ ನಾಲ್ಕೂ ಕಾಲನ್ನು ಒಂದಾದಮೇಲೊಂದು ಇಡುತ್ತದೆ. ಬೆನ್ನು ಅಲುಗುವುದಿಲ್ಲ. ಹಿಂದಿನ ಅಶ್ವಶಾಸ್ತ್ರದವರು ನವಿಲಿನ ನಡಿಗೆ, ಮುಂಗುಸಿಯ ನಡಿಗೆ ಎಂದು ಕುದುರೆಯ ಗತಿಗೆ ಏನೇನೋ ಹೆಸರಿಟ್ಟಿದ್ದಾರೆ. ನಮ್ಮ ರೈತರ ಪರೀಕ್ಷೆ ಸರಳ: ಸವಾರನ ಕೈಯಲ್ಲಿ ತುಂಬಿದ ಹಾಲಿನ ವಾಟಗಾ ಕೊಟ್ಟು ಕುದುರೆ ಬಿಡುವುದು. ಚೆಲ್ಲದಿದ್ದರೆ ರವಾಲ, ಚೆಲ್ಲಿದರೆ ಬರೀ ಕುದುರೆ.

ಮೈನಾಳ ಬೆನ್ನ ಮೇಲೆ ಚೆಲ್ಲದೆ ಉಳಿದವನು ನಾನು.

ನನಗಿಂತ ಮೊದಲು ಅವ್ವನ ಹೊಟ್ಟೆಯಲ್ಲಿ ಎರಡು ಕೂಸು ನಿಲ್ಲಲಿಲ್ಲ. ಮೂರನೆಯವನು ನಾನು ಬಂದಾಗ ಅಜ್ಜಿಗೆ ಜಗತ್ತೆಲ್ಲ ಕೆಟ್ಟ ಕಣ್ಣಾಗಿ ಕಂಡಿತು. ‘ಈ ಸಲ ಕುಬಸಾ ಗಿಬಸಾ ಏನೂ ಬ್ಯಾಡ. ಮಂದೀಗೆ ಗೊತ್ತಾಗೂದೂ ಬ್ಯಾಡ’ ಎಂದು ಅಪ್ಪಣೆ ಮಾಡಿಬಿಟ್ಟಳು. ಓಣಿಯ ಬಸುರಿಯರೆಲ್ಲ ಕುಬಸ ಮಾಡಿಸಿಕೊಂಡು, ಹಸಿರು ಬಳೆ ತೊಟ್ಟು, ಉಡಿ ತುಂಬಿಸಿಕೊಂಡು, ಹಾಡಿಸಿಕೊಂಡು ತವರಿಗೆ ಹೋಗುವಾಗ ಅವ್ವ ಒಳಗಿನ ಕೋಣೆಯಲ್ಲಿ ಕೂತಿರುತ್ತಿದ್ದಳು. ಅವಳ ತವರು ಧುಪದಾಳ. ಹೆರಿಗೆಗೆ ಕಳಿಸಲೇಬೇಕು. ಆದರೆ ಸೂಲಗಿತ್ತಿ ದುರಗವ್ವ ಖಡಾಖಂಡಿತ ಹೇಳಿದಳು: ‘ಚಕ್ಕಡ್ಯಾಗ ಕುಂಡ್ರಿಸಿದ್ರ ಹೊಳಿ ದಾಟೂದ್ರಾಗ ಕೂಸು ಹೋಗತೈತಿ. ಆಮ್ಯಾಲೆ ನನ್ನ ಕರೀಬ್ಯಾಡ್ರಿ.’

ಅಪ್ಪ ಮಠಕ್ಕೆ ಓಡಿದ. ಅಯ್ಯಾರು ವಯಸ್ಸಾಗಿ ಆಗ ಸಂಚಾರ ಬಿಟ್ಟಿದ್ದರು. ‘ಒಯ್ಯಪಾ, ಮೈನಾ ನೀರ ಮ್ಯಾಲಿನ ಎಲಿಹಂಗ ನಡೀತಾಳ. ಆದ್ರ ಅವಸರ ಮಾಡಬ್ಯಾಡ’ ಅಂದರು. ಯಾಕೆ ಮಾಡಬಾರದು ಅಂತ ಹೇಳಲಿಲ್ಲ. ಅಪ್ಪನೂ ಕೇಳಲಿಲ್ಲ, ಅವಸರದಲ್ಲಿದ್ದ.

ನಸುಕಿನಲ್ಲಿ ಅವ್ವನಿಗೆ ಶಾಲು ಹೊದಿಸಿ, ಕುದುರೆಯ ಮೇಲೆ ಕೂರಿಸಿ, ಲಗಾಮು ಹಿಡಿದು ಅಪ್ಪ ಮುಂದೆ ನಡೆದ. ಹೊತ್ತೇರಿದರೂ ಅವ್ವನ ಸೊಂಟಕ್ಕೆ ನೋವಿಲ್ಲ. ಎಲ್ಲ ಸರಳ ನಡೆಯಿತೆನ್ನುವಷ್ಟರಲ್ಲಿ ಮೊದಲ ಊರು ಬಂತು. ಮೈನಾ ಹಾದಿ ಬಿಟ್ಟು ಒಂದು ಮನೆಯ ಕಟ್ಟೆಯ ಮುಂದೆ ಹೋಗಿ ನಿಂತುಬಿಟ್ಟಳು. ಅಪ್ಪ ಜಗ್ಗಿದ, ಬೈದ, ಕೈ ಮುಗಿದ. ಅವಳು ಕಿವಿ ಸಹ ಅಲುಗಿಸಲಿಲ್ಲ. ಅಪ್ಪನಿಗೆ ಆಗ ತಿಳಿಯಿತು: ಅದು ಮಠದ ಭಕ್ತರ ಮನೆ. ಅಯ್ಯಾರ ಸವಾರಿ ಹೋಗುತ್ತಿದ್ದದ್ದು ಇದೇ ಹಾದಿಯಲ್ಲಿ. ಮೇಲೆ ಕೂತವರ ಪಾದಕ್ಕೆ ನೀರು ಬೀಳದ ಹೊರತು ಮೈನಾ ಯಾವ ಭಕ್ತರ ಬಾಗಿಲನ್ನೂ ಬಿಟ್ಟವಳಲ್ಲ.

ಮೈನಾಳ ಕೊರಳ ಗೆಜ್ಜೆಯ ಸಪ್ಪಳ ಕೇಳಿ ಒಳಗಿನಿಂದ ಒಬ್ಬ ಹೆಂಗಸು, ‘ಅಯ್ಯಾರು ಬಂದ್ರು!’ ಎನ್ನುತ್ತ ನೀರಿನ ತಂಬಿಗೆ ಹಿಡಿದು ಓಡಿ ಬಂದಳು. ನೋಡಿದರೆ ಅಯ್ಯಾರಿಲ್ಲ, ಶಾಲಿನೊಳಗೆ ಮುದುಡಿಕೊಂಡ ಬಸುರಿ. ಅಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತಂತೆ. ‘ತಪ್ಪಾತ್ರಿ ಯವ್ವಾ, ಕುದರಿ ಮಠದ್ದೈತಿ’ ಎಂದು ತೊದಲಿದ.

ಆಕೆ ಅವ್ವನ ಮುಖ ನೋಡಿದಳು. ಅವ್ವನ ಹಸಿರು ಬಳೆಯಿಲ್ಲದ ಕೈ ನೋಡಿದಳು.

‘ಉಡಿ ತುಂಬಿಲ್ಲೇನ ತಂಗಿ?’

ಅವ್ವ ಇಲ್ಲವೆಂದು ತಲೆ ಅಲ್ಲಾಡಿಸಿದಳು. ‘ತಂದ ನೀರು ಹೊಳ್ಳಿ ಒಯ್ಯೂದು ಹೆಂಗ?’ ಎಂದು ಆಕೆ ತಂಬಿಗೆಯ ನೀರನ್ನು ಅವ್ವನ ಪಾದಕ್ಕೇ ಹಾಕಿ, ಒಳಗೆ ಹೋಗಿ ಅಕ್ಕಿ, ಉತ್ತತ್ತಿ, ಖಣ ತಂದು ಉಡಿ ತುಂಬಿದಳು. ಬಾಜೂ ಮನೆಯವಳು ಬಂದು ಎರಡು ಹಸಿರು ಬಳೆ ಇಡಿಸಿದಳು. ಮೈನಾ ಆಮೇಲೆ, ತನ್ನ ಕೆಲಸ ಮುಗಿಯಿತೆಂಬಂತೆ, ಹೊರಟಳು.

ಮುಂದಿನ ಊರಲ್ಲೂ ಹಾಗೆಯೇ. ಅದರ ಮುಂದಿನದರಲ್ಲೂ. ಅಕ್ಕಿ ಇಲ್ಲದ ಮನೆಯವಳು ಜೋಳ ಹಾಕಿದಳು. ಇನ್ನೊಬ್ಬಳು ಬಸುರಿಗೆ ಬಯಕೆಯೆಂದು ಸಜ್ಜಿರೊಟ್ಟಿ, ಕೆಂಪು ಚಟ್ನಿ ತಿನ್ನಿಸಿ, ಅರ್ಧ ಹಾಡು ಹಾಡಿ, ಉಳಿದರ್ಧ ಮರೆತು ನಕ್ಕಳು. ಒಂದೇ ದಿನದಲ್ಲಿ ಮುಟ್ಟಬೇಕಾದವರು ಗೋಕಾಕದಲ್ಲಿ ಭಕ್ತರ ಮನೆಯಲ್ಲೇ ವಸ್ತಿ ಮಾಡಬೇಕಾಯಿತು. ಅಪ್ಪ ಮೊದಮೊದಲು ಲಗಾಮು ಜಗ್ಗುತ್ತಿದ್ದವನು ಆಮೇಲೆ ಸುಮ್ಮನೆ ನಿಲ್ಲತೊಡಗಿದ. ಅವ್ವ ಶಾಲು ತೆಗೆದು ಮಡಚಿ ತೊಡೆಯ ಮೇಲಿಟ್ಟುಕೊಂಡಿದ್ದಳು.

ಮರುದಿನ ಧುಪದಾಳ ಬಂತು. ಅಲ್ಲಿ ಮಠದ ಭಕ್ತರು ಒಬ್ಬರೂ ಇರಲಿಲ್ಲ. ಮೈನಾ ಊರ ಅಗಸಿ ಬಾಗಿಲು ದಾಟಿ, ಎಡಕ್ಕೂ ನೋಡದೆ ಬಲಕ್ಕೂ ನೋಡದೆ ಸರಳ ನಡೆದಳು. ಆಗ ನಮ್ಮಪ್ಪ, ದಾರಿಯಲ್ಲಿ ಯಾರ ಮುಖವನ್ನೂ ನೋಡಲು ನಾಚಿದ್ದ ಅದೇ ಮನುಷ್ಯ, ಗಪ್ಪನೆ ಲಗಾಮು ಹಿಡಿದು ಕುದುರೆ ನಿಲ್ಲಿಸಿದ. ಗುರುತಿಲ್ಲದ ಮನೆಯ ಬಾಗಿಲಿಗೆ ನಿಂತು ಗಟ್ಟಿಯಾಗಿ ಕೂಗಿದ: ‘ಯಾರದೀರಿ ಯವ್ವಾ ಒಳಗ? ನಮ್ಮಾಕಿ ಬಸರದಾಳ. ಒಂದೀಟು ಹೊರಗ ಬರ್ರಿ!’

ಇದನ್ನು ಹೇಳುವಾಗಲೆಲ್ಲ ಅವ್ವ ಈ ಜಾಗದಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ. ‘ಕುದರಿ ನಿಂತದ್ದು ರೂಢಿ. ಇವರು ನಿಂತದ್ದು ನನಗಾಗಿ’ ಅನ್ನುತ್ತಾಳೆ. ನಾನು ಹುಟ್ಟಿದ್ದು ಅದಾಗಿ ತಿಂಗಳೊಪ್ಪತ್ತಿಗೆ, ಗಂಟಲು ಹರಿಯುವಂತೆ ಅಳುತ್ತ. ಅವಸರ ಆಗಲೇ ಇತ್ತು.

ಈಗ ನನ್ನ ಹೆಂಡತಿ ಬಸುರಿ. ಬರುವ ವಾರ ಅವಳನ್ನು ತವರಿಗೆ ಬಿಡಬೇಕು. ರವಾಲಿನ ಕುದುರೆಗಾಗಿ ಸುತ್ತಲ ಊರೆಲ್ಲ ಅಲೆದೆ. ಮದುವೆಗೆ ಕುಣಿಯುವ ಕುದುರೆಗಳು ಸಿಗುತ್ತವೆ, ನಡೆಯುವವು ಸಿಗಲಿಲ್ಲ. ಕಡೆಗೆ ನಿನ್ನೆ ಬಸ್ ಸ್ಟ್ಯಾಂಡಿಗೆ ಹೋಗಿ, ಹೋದ ವಾರ ಬೈದಿದ್ದ ಡ್ರೈವರನಿಗೇ ಚಹಾ ಕುಡಿಸಿ, ‘ನಮ್ಮಾಕಿ ಬರತಾಳ. ಸಾವಕಾಶ ಹೊಡಿಯಪಾ. ಯಾರರ ಕೈ ಮಾಡಿದ್ರ ನಿಂದರಸು’ ಎಂದೆ.

ಅವನು ನನ್ನನ್ನೂ ಬಸ್ಸನ್ನೂ ಒಮ್ಮೆ ನೋಡಿ ನಕ್ಕ.

‘ಅದಕ್ಯಾಕ ಚಿಂತಿ ಮಾಡ್ತೀರಿ ಮಾಸ್ತರ? ಗಾಡಿ ತಾನ ನಿಂದರತೈತಿ.’