ಬಿಳಿ ಸಾಸಿನ ಕೊಸರು

ದೊಡ್ಡ ಹೋಟೆಲುಗಳಲ್ಲಿ ತಟ್ಟೆ ಅಗಲ, ಪದಾರ್ಥ ಅಲ್ಪ ಎಂಬುದನ್ನು ನೀವೂ ಗಮನಿಸಿರಬಹುದು. ನನ್ನ ತಕರಾರು ಅದಲ್ಲ. ಊಟ ಮುಗಿದ ಮೇಲೆ ತಟ್ಟೆಯ ಅಂಚಿನಲ್ಲಿ ಉಳಿಯುವ ಆ ತೆಳ್ಳನೆಯ ಬಿಳಿ ಸಾಸನ್ನು ಏನು ಮಾಡಬೇಕು? ಚಮಚಕ್ಕೆ ಅದು ಸಿಗುವುದಿಲ್ಲ, ಬೆರಳಿಗೆ ಅಲ್ಲಿ ಪ್ರವೇಶವಿಲ್ಲ. ಸೊಗಸಾದ ಪದಾರ್ಥವನ್ನು ಸಭ್ಯತೆಯ ಹೆಸರಿನಲ್ಲಿ ಪಾತ್ರೆ ತೊಳೆಯುವ ನೀರಿನ ಪಾಲು ಮಾಡುವುದು ನನ್ನಂಥ ವ್ಯಾಪಾರಸ್ಥನಿಗೆ ಪ್ರಾಣಸಂಕಟ.

ನಾನು ತಾಳವಾಡಿ ಬಳಿಯ ಗೆಟ್ಟವಾಡಿಯವನು. ನಮ್ಮ ಸುತ್ತಿನ ಹೊಲಗಳ ಬೆಳ್ಳುಳ್ಳಿ, ಕೋಸುಗಳನ್ನು ಮೈಸೂರಿನ ಹೋಟೆಲುಗಳ ಹಿಂಬಾಗಿಲಿಗೆ ಮುಟ್ಟಿಸುವುದು ನನ್ನ ಕಸುಬು. ಅಂಥದೊಂದು ಹೋಟೆಲಿನ ಮುಖ್ಯ ಬಾಣಸಿಗರು ಒಮ್ಮೆ ಬೆಳ್ಳುಳ್ಳಿಯ ದರಕ್ಕಾಗಿ ನನ್ನೊಡನೆ ವಾದಿಸಿ ಬಳಲಿ, ಈ ಬಾಯಿಯನ್ನು ಊಟವೊಂದೇ ಮುಚ್ಚಿಸಬಲ್ಲದೆಂದು ಬಗೆದು, ಮುಂಬಾಗಿಲಿನಿಂದ ಕರೆದು ಕೂರಿಸಿ, ಕೆನೆ ಮತ್ತು ಬಿಳಿ ವೈನಿನ ಸಾಸಿನಲ್ಲಿ ಮಿಂದ ಒಂದು ತಟ್ಟೆ ಅಣಬೆ ತರಿಸಿದರು. ಮೊದಲು ಕೆನೆಯ ಮಾರ್ದವ, ಅದರ ಬೆನ್ನಿಗೇ ದ್ರಾಕ್ಷಿಯ ನವಿರಾದ ಹುಳಿ, ಕಟ್ಟಕಡೆಗೆ ನನ್ನದೇ ಬೆಳ್ಳುಳ್ಳಿ, ಪಟ್ಟಣದಲ್ಲಿ ಓದಿ ಬಂದ ಊರ ಹುಡುಗಿಯಂತೆ ಗುರುತು ಸಿಗದಷ್ಟು ನಯವಾಗಿ. ಆ ದಿನ ದರ ಇಳಿಸಿಬಿಟ್ಟೆ. ಆದ್ದರಿಂದ ನನ್ನ ಬುದ್ಧಿಮಾತು: ಚೌಕಾಸಿಯನ್ನು ಸದಾ ಹಸಿದ ಹೊಟ್ಟೆಯಲ್ಲೇ ಮುಗಿಸಿಕೊಳ್ಳಿ. ಆದರೂ ಪೂರ್ತಿ ಸೋಲಲಿಲ್ಲ. ಎದ್ದು ಬರುವಾಗ ಅದೇ ವೈನಿನ ಒಂದು ಪುಟ್ಟ ಸೀಸೆಯನ್ನು ಕೊಸರಾಗಿ ಗಿಟ್ಟಿಸಿಕೊಂಡೆ.

ವ್ಯಾಪಾರ ಕುದುರಿದ ಮೇಲೆ ಒಂದು ಹಿಡಿ ಕೊಸರು ಹಾಕಿಸಿಕೊಳ್ಳದೆ ಏಳಬಾರದೆಂದು ನನಗೆ ಕಲಿಸಿದವಳು ಅಕ್ಕ. ತಾಯಿಯಿಲ್ಲದ ನನ್ನನ್ನು ಬೆಳೆಸಿ, ತಾಳವಾಡಿಯ ಸಂತೆಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಲೋಕವ್ಯವಹಾರ ತಿದ್ದಿಸಿದವಳು. ಆ ವರ್ಷ ಅವಳಿಗೊಂದು ಜ್ವರ ಬಂದು ಹೋಗಿತ್ತು. ಹೋಗುವಾಗ ಬಾಯಿರುಚಿಯನ್ನೂ ಹೊತ್ತೊಯ್ದಿತ್ತು. ರೋಗವೇನೂ ಇಲ್ಲ, ಹೇಗಾದರೂ ಊಟ ಮಾಡಿಸಿ ಎಂದು ಡಾಕ್ಟರು ಕೈ ತೊಳೆದುಕೊಂಡರು. ಅವಳೋ, "ನಾಲ್ಗೆ ಸತ್ತೋಗದ ಕಣ್ಲಾ ಮಾದಾ" ಎಂದು ನಾಲ್ಕು ಗುಟುಕು ಗಂಜಿಗೇ ತಟ್ಟೆ ಸರಿಸುವಳು. ಮುಂಗೈಯ ಬಳೆ ಮೊಣಕೈವರೆಗೆ ಸಲೀಸಾಗಿ ಸಂಚರಿಸುತ್ತಿತ್ತು. ಅದನ್ನು ನೋಡಿದಾಗಲೆಲ್ಲ ನನ್ನ ಜಾಣತನವೆಲ್ಲ ಉಡುಗಿಹೋಗುತ್ತಿತ್ತು.

ಸೀಸೆಯನ್ನು ಮುಚ್ಚಿಡಬಹುದಿತ್ತು, ಆದರೆ ಸಂತೆಯಲ್ಲಿ ಕೊಳೆತ ಈರುಳ್ಳಿಯನ್ನು ಮೂಟೆಯ ಹೊರಗಿನಿಂದಲೇ ಪತ್ತೆಹಚ್ಚಿದ ಮೂಗು ಅವಳದು. ಇದು ವೈನು, ನಿನ್ನ ಬಾಯಿರುಚಿಗೆಂದು ತಂದೆ ಎಂದು ನಿಜ ಹೇಳಿದೆ. ಅಡುಗೆಮನೆಯ ಹೊಸಿಲು ಅದು ದಾಟಕೂಡದು, ಹಿತ್ತಿಲಲ್ಲಿ ನೀರು ಕಾಯಿಸುವ ಒಲೆಯ ಮೇಲೆ ಏನಾದರೂ ಮಾಡಿಕೊ ಎಂದಳು. ಆಮೇಲೆ ಏನೋ ಯೋಚಿಸಿ, ತಾನು ದಿನಾ ಕುಡಿಯುವ ದ್ರಾಕ್ಷಾರಿಷ್ಟದ ಸೀಸೆಯತ್ತ ನೋಡಿ, "ಅದೂ ದ್ರಾಕ್ಸಿದೆಯಾ? ಅಂಗಾರೆ ಇದ್ರ ತಮ್ಮನೆಯ" ಎಂದು ಅರ್ಧ ಅಪ್ಪಣೆ ಕೊಟ್ಟಳು.

ಅರ್ಧ ಅಪ್ಪಣೆಯ ಮೇಲೆ ಪೂರ್ತಿ ಉತ್ಸಾಹದಿಂದ ಒಲೆ ಹೊತ್ತಿಸಿದೆ. ಸಾಸಿಗೆ ಏನೇನು ಬೀಳುತ್ತದೆಂದು ಬಾಣಸಿಗರನ್ನು ಕೇಳಿದ್ದೆ. ಕ್ರಮ ಕೇಳಿದರೆ ನನ್ನ ತೂಕ ಕಡಿಮೆಯಾದೀತೆಂದು ಸುಮ್ಮನಿದ್ದೆ. ನಮ್ಮಲ್ಲಿ ತರಕಾರಿ ಬೆಂದ ಮೇಲಲ್ಲವೆ ಹುಣಸೆಹುಳಿ ಬಿಡುವುದು? ವೈನೂ ಹುಳಿಯೇ. ಬೆಣ್ಣೆಯಲ್ಲಿ ಬೆಳ್ಳುಳ್ಳಿ, ಅಣಬೆ ಬಾಡಿಸಿ, ಕೆನೆ ಸುರಿದು, ಅದು ಕುದಿಯುವಾಗ ಮೇಲಿನಿಂದ ಅರ್ಧ ಸೀಸೆ ಬಿಟ್ಟೆ. ಮರುಕ್ಷಣವೇ ಕೆನೆಯೆಲ್ಲ ಗರಣೆಗರಣೆಯಾಗಿ ಒಡೆದು, ಬಿಳಿ ಸಾಸು ಬಿಳಿ ಅಪರಾಧದಂತೆ ತೇಲಿತು.

ಜಗಲಿಯ ಮೇಲಿದ್ದ ಅಕ್ಕ ಎದ್ದಳು. ಎರಡು ತಿಂಗಳಿನಿಂದ ಒಲೆಯ ಹತ್ತಿರ ಸುಳಿಯದವಳು, ಗೋಡೆ ಹಿಡಿದು ಬಂದು ಬಾಣಲೆಗೆ ಇಣುಕಿ ನೋಡಿದಳು.

"ಏನ್ಲಾ, ಮಜ್ಗೆ ಉಳಿ ಮಾಡೋದ ನೋಡ್ಕಂಡೆ ಬೆಳೆದೋನು ನೀನು. ಉಳಿಯ ಮೊದ್ಲು ಕುದಿಸ್ಬೇಕು, ಅದ್ರ ಕ್ವಾಪ ಇಳಿಬೇಕು. ಆಮ್ಯಾಕೆ ಉರಿ ತಗ್ಸಿ ಕೆನೆ ಬುಡ್ಬೇಕು. ಸರ್ಕ ಅತ್ಲಾಗೆ."

ನನ್ನ ಜಿಪುಣತನದಿಂದ ಅರ್ಧ ಸೀಸೆ ಉಳಿದಿತ್ತು. ಕಂಡೇ ಇರದ ಅಡುಗೆಯನ್ನು ಅಕ್ಕ ತಾನೇ ಸೌಟು ಹಿಡಿದು ಮಾಡಿದಳು: ಬೆಳ್ಳುಳ್ಳಿ, ಅಣಬೆ ಹೊಸದಾಗಿ ಬಾಡಿದವು, ವೈನು ಕುದಿದು ಕಾಲು ಭಾಗಕ್ಕಿಳಿಯಿತು, ಕೆಂಡ ಹಿಂದಕ್ಕೆ ಸರಿಯಿತು, ಕೆನೆ ಬಿತ್ತು, ಮೆಣಸು ಉದುರಿತು. ಸೌಟಿನ ಬೆನ್ನಿಗೆ ಪದರವಾಗಿ ಅಂಟುವ ಹದ. ಮೈಸೂರಿನ ಬಾಣಸಿಗರೂ ಆಮೇಲೆ ಹೇಳಿದ ಕ್ರಮ ಅದೇ, ನೀವೂ ಬರೆದಿಟ್ಟುಕೊಳ್ಳಿ.

ರಾಗಿಮುದ್ದೆಯ ಪಕ್ಕಕ್ಕೆ ಬಡಿಸಿದೆ. ಅವಳು ಒಂದು ತುತ್ತು ನುಂಗಿದಳು. ಎರಡನೆಯದನ್ನು ಮುರಿದಳು. ನಾನು ಉಣ್ಣುವುದನ್ನು ಮರೆತು ಅವಳ ಕೈಯನ್ನೇ ನೋಡುತ್ತಿದ್ದೆ. ಮುದ್ದೆ ಸವೆಯುತ್ತಾ ಬಂತು, ಮುಗಿಯಿತು. ಬಳಿಕ, ಯಾವ ಹೋಟೆಲಿನ ಶಿಷ್ಟಾಚಾರಕ್ಕೂ ಕಟ್ಟುಬೀಳದ ತೋರುಬೆರಳು ತಟ್ಟೆಯ ಅಂಚನ್ನು ಒಂದು ಸುತ್ತು ಪ್ರದಕ್ಷಿಣೆ ಬಂದು, ಒಂದು ಬಿಳಿಗೆರೆಯನ್ನೂ ಉಳಿಸದೆ ಬಾಯಿಗೆ ಹೋಯಿತು.

ತಟ್ಟೆಯನ್ನು ನನ್ನ ಮುಂದಕ್ಕೆ ಹಿಡಿದು ಅಕ್ಕ ಹೇಳಿದಳು: "ಕೊಸರು ಆಕ್ಲಾ."