ಮುನಿಯಪ್ಪ ಎತ್ತಿಟ್ಟ ಬಾಲ

ಅರವತ್ತರ ದಶಕ. ಮಾಂಸದ ಪ್ರೋಟೀನ್ ಪರೀಕ್ಷಿಸಿ ಅದು ಯಾವ ಪ್ರಾಣಿಯದೆಂದು ಹೇಳುವುದು ನನ್ನ ಕೆಲಸ. ಚಿನ್ನದ ಗಣಿಯ ಊರು ಚಾಂಪಿಯನ್ ರೀಫ್ಸ್‌ನ ಮಾಂಸದಂಗಡಿ ಮುನಿಯಪ್ಪ ಮೇಕೆ ಅಂತ ಕುರಿ ಮಾರುತ್ತಾನೆಂದು ದೂರು ಬಂತು. ನಿಜವಾದರೆ ಲೈಸೆನ್ಸೇ ಹೋಗುತ್ತಿತ್ತು. ನೇತುಹಾಕಿದ್ದ ತೊಡೆಯನ್ನು ನನ್ನ ಡಬ್ಬಿಗೆ ಹಿಡಿಯುವಂತೆ ಕುಯ್ಸಿಕೊಂಡು ಮಾರಿಕುಪ್ಪಂ ರೈಲಿನಲ್ಲಿ ಲ್ಯಾಬಿಗೆ ತಂದೆ.

ಮೂರು ದಿನ ಒದ್ದಾಡಿದೆ. ಕುರಿ, ಮೇಕೆಗಳ ಪ್ರೋಟೀನು ಅಣ್ಣತಮ್ಮಂದಿರಂತೆ ಒಂದೇ ಥರ ಕಂಡಿತು.

ಸೋತು ವಾಪಸ್ ಅಂಗಡಿಗೆ ಹೋಗಿ, ಯಾವುದೆಂದು ಗೊತ್ತಾಗಲಿಲ್ಲ ಅಂತ ಒಪ್ಪಿಕೊಂಡೆ. ಮುನಿಯಪ್ಪ ನಕ್ಕ.

"ಕುರಿನೋ ಮೇಕೆನೋ ಗಿರಾಕಿಗೆ ಗೊತ್ತಾಗ್ಲಿ ಅಂತ್ಲೇ ತೊಡೆಗೆ ಬಾಲ ಬಿಟ್ಟಿರ್ತೀವಿ ಸಾರ್. ಡಬ್ಬಿ ಮುಚ್ಚಲ್ಲ ಅಂತ ನೀವೇ ಕುಯ್ಸಿ ಬಿಸಾಕಿಸಿದ್ರಿ."

ಉಪ್ಪು ಹಚ್ಚಿ ಎತ್ತಿಟ್ಟಿದ್ದ ಆ ಬಾಲವನ್ನೇ ತಂದು ತೋರಿಸಿದ. ಕುರಿಯದಾದರೆ ಜೋತುಬೀಳಬೇಕು, ಇದು ಸೆಟೆದು ಮೇಲಕ್ಕೆದ್ದಿತ್ತು. ಮೇಕೆಯೇ.

ವರದಿಯಲ್ಲಿ ಪ್ರೋಟೀನಿಗೆ ಮೂರು ಪುಟ ಬರೆದೆ, ಬಾಲಕ್ಕೆ ಒಂದು ಸಾಲು. ಲ್ಯಾಬಿನ ಸಾಹೇಬರು ಪುಟಗಳನ್ನೆಲ್ಲ ಮಗುಚಿ, ಆ ಸಾಲಿನ ಕೆಳಗೆ ಸಹಿ ಹಾಕಿದರು.